ಮೆಕ್ಕೆಜೋಳದ ರೇಟು ಕೇಳಿದವರು ಎಲಿವೇಟರ್ ಕೊಳ್ಳಲಿಲ್ಲ

2024ರ ಅಕ್ಟೋಬರ್. ಬೆಳಗ್ಗೆ ಏಳೂವರೆಗೆ ಫೋನ್ ಬಂತು. "ಅಣ್ಣಾ, ದಾವಣಗೆರೇಲಿ ಇವತ್ತು ಮೆಕ್ಕೆಜೋಳ ಎಷ್ಟು ನಡೀತೈತಿ?" ಹೊನ್ನಾಳಿ ಕಡೆಯ ರೈತರು. "ನಮ್ಮದು ಮಿಲ್ಲಲ್ಲಿ ಕಾಳು ಮೇಲೆತ್ತೋ ಎಲಿವೇಟರ್ ಮಾಡೋ ವರ್ಕ್‌ಶಾಪ್ ಅಣ್ಣಾ, ರೇಟು ನಮಗೆ ಗೊತ್ತಿರಲ್ಲ" ಎಂದೆ. "ಮತ್ತೆ ನೆಟ್ಟಲ್ಲಿ ನಿಮ್ಮ ನಂಬರೇ ಬಂತಲ್ಲ?" ಎಂದರು. ಅವತ್ತು ಸಂಜೆಯೊಳಗೆ ಅಂಥವೇ ಹದಿನೇಳು ಫೋನ್ ಬಂದವು. ಎಲಿವೇಟರ್ ಬೇಕು ಅಂತ ಒಂದೂ ಬರಲಿಲ್ಲ.

ಫೋನ್ ಮಾಡಿದವರ ತಪ್ಪು ಏನೂ ಇಲ್ಲ. ಒಂದೂವರೆ ವರ್ಷ ದುಡ್ಡು ಕೊಟ್ಟು, ಕೂತು, ಅವರನ್ನು ನಮ್ಮ ನಂಬರಿಗೆ ಕರೆಸಿದವನು ನಾನೇ. ದಾವಣಗೆರೆ, ಹರಿಹರದಲ್ಲಿ ನಮ್ಮಂತೆ ಬೇರೆ ಮಿಲ್ಲಿಗೆ, ಬೇರೆ ಕಾರ್ಖಾನೆಗೆ ಮಾಲು ಮಾಡಿಕೊಡುವ ಸಣ್ಣ ಶೆಡ್‌ಗಳು ಬೇಕಾದಷ್ಟಿವೆ. ಅವರ ಬಾಗಿಲಿಗೂ ಈಗ ಯಾರಾದರೂ ಬಂದು "ಗೂಗಲ್‌ನಲ್ಲಿ ನಿಮ್ಮನ್ನು ಮೇಲೆ ತರ್ತೀವಿ" ಅನ್ನುತ್ತಿರುತ್ತಾರೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಲೇತ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತ ಎಷ್ಟೋ ಜನ ಆಮೇಲೆ ಸ್ವಂತ ಶೆಡ್ ಹಾಕಿಕೊಂಡರು. ಅಪ್ಪನೂ ಹಾಗೇ. ನಾವು ಮಾಡುವುದು ಬಕೆಟ್ ಎಲಿವೇಟರ್, ಅಂದರೆ ಸುತ್ತುವ ಬೆಲ್ಟಿಗೆ ಕೂರಿಸಿದ ಬಕೆಟ್‌ಗಳಲ್ಲಿ ಕಾಳನ್ನು ಮೇಲಕ್ಕೆ ಎತ್ತುವ ಮೆಷಿನ್, ಮತ್ತು ಕಾಳು ಸ್ವಚ್ಛ ಮಾಡುವ ಜರಡಿ ಮೆಷಿನ್. ಕೊಳ್ಳುವವರು ಭದ್ರಾ ನಾಲೆ ಕಡೆಯ, ಅಂದರೆ ಮಲೇಬೆನ್ನೂರು, ಹರಿಹರದ ರೈಸ್ ಮಿಲ್‌ನವರು. ಆಚೆ ಕಾರಟಗಿ, ಗಂಗಾವತಿ, ಸಿಂಧನೂರಿನವರು. ಇಲ್ಲಿನ ಮೆಕ್ಕೆಜೋಳದ ಗೋದಾಮು, ಕೋಳಿ ಫೀಡ್ ಮಾಡುವವರು, ಚಳ್ಳಕೆರೆಯ ಶೇಂಗಾ ಮಿಲ್‌ನವರು. ವರ್ಷಕ್ಕೆ ಇಪ್ಪತ್ತು, ಇಪ್ಪತ್ತೈದು ಗಿರಾಕಿ ಸಿಕ್ಕರೆ ನಮ್ಮ ಹನ್ನೊಂದು ಜನರ ಸಂಬಳ ನಡೆಯುತ್ತದೆ.

ಆ ಇಪ್ಪತ್ತೂ ಸುಮ್ನೆ ಬರುವುದಿಲ್ಲ. ಮೊದಲು ಮಿಲ್ಲಿನ ಫಿಟ್ಟರ್ ಫೋನ್ ಮಾಡುತ್ತಾನೆ. ಆಮೇಲೆ ಸಾಹುಕಾರ್ರು ಬೇರೆ ಮಿಲ್ಲಲ್ಲಿ ನಮ್ಮ ಮೆಷಿನ್ ಓಡುವುದನ್ನು ನೋಡಿ ಬರುತ್ತಾರೆ. ಬ್ಯಾಂಕಿನ ಕೆಲಸ ಇರುತ್ತದೆ. ಸೀಸನ್ ಮುಗಿದ ಮೇಲೇ ಮಿಲ್ ನಿಲ್ಲಿಸಿ ಕೂರಿಸಬೇಕು. ಮೊದಲ ಮಾತಿಗೂ ಅಡ್ವಾನ್ಸಿಗೂ ನಡುವೆ ನಾಲ್ಕು ತಿಂಗಳು, ಕೆಲವು ಸಲ ಒಂದು ವರ್ಷವೇ ಆಗುತ್ತದೆ.

2023ರ ಏಪ್ರಿಲ್‌ನಲ್ಲಿ ಒಂದು ಏಜೆನ್ಸಿಗೆ ವೆಬ್‌ಸೈಟ್ ಕೆಲಸ ಕೊಟ್ಟೆ. ಅವರು ಒಂದು ಎಕ್ಸೆಲ್ ಶೀಟ್ ತಂದರು. ಒಂದು ಕಾಲಂನಲ್ಲಿ ಜನ ಹುಡುಕುವ ಮಾತು, ಪಕ್ಕದಲ್ಲಿ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅನ್ನುವ ಲೆಕ್ಕ. ನಮ್ಮ ಗಿರಾಕಿಗಳು ಕೇಳುವ ಮಾತುಗಳನ್ನು ನಾನೂ ಬರೆದು ಕೊಟ್ಟಿದ್ದೆ. ಎಲಿವೇಟರ್ ಬೂಟ್‌ನಲ್ಲಿ (ಅದರ ಬುಡದ ಪೆಟ್ಟಿಗೆಯಲ್ಲಿ) ಕಾಳು ಯಾಕೆ ಜಾಮ್ ಆಗುತ್ತದೆ, ಬೆಲ್ಟ್ ಯಾಕೆ ಒಂದು ಕಡೆಗೆ ಸರಿಯುತ್ತದೆ, ಹೀಗೆ. ಅವುಗಳ ಮುಂದೆಲ್ಲಾ ಸೊನ್ನೆ ಇತ್ತು. "ಇದನ್ನ ಯಾರೂ ಸರ್ಚ್ ಮಾಡಲ್ಲ ಸರ್" ಎಂದು ಆ ಸಾಲುಗಳನ್ನು ತೆಗೆದರು. ನಾನೂ ಒಪ್ಪಿಕೊಂಡೆ. ಉಳಿದದ್ದು ಮೆಕ್ಕೆಜೋಳದ ಬೆಲೆ, ಬೆಂಬಲ ಬೆಲೆ, ಮೆಕ್ಕೆಜೋಳ ಒಣಗಿಸುವುದು ಹೇಗೆ, ಬಕೆಟ್ ಎಲಿವೇಟರ್ ಎಂದರೇನು, ಅದರಲ್ಲಿ ಎಷ್ಟು ವಿಧ. ಇಂಗ್ಲಿಷ್‌ನಲ್ಲಿ ಜಾಸ್ತಿ, ಕನ್ನಡದಲ್ಲಿ ಸ್ವಲ್ಪ. ತಿಂಗಳಿಗೆ ಎಂಟು ಬರಹ.

ಬರೆಯುತ್ತಿದ್ದ ಹುಡುಗಿ ಜಾಣೆ. ಒಂದು ದಿನ ಫೋನಿನಲ್ಲಿ "ಎಲಿವೇಟರ್ ನೋಡಿದೀಯೇನಮ್ಮಾ?" ಎಂದು ಕೇಳಿದೆ. "ಇಲ್ಲ ಸರ್, ಗೂಗಲ್‌ನಲ್ಲಿ ಮೇಲೆ ಬರೋ ಹತ್ತು ಪೇಜ್ ಓದಿ ಬರೀತೀನಿ" ಎಂದಳು. ಆ ಹತ್ತನ್ನು ಬರೆದವರೂ ಅದಕ್ಕಿಂತ ಮೊದಲಿನ ಹತ್ತನ್ನು ಓದಿಯೇ ಬರೆದಿರಬೇಕು. ಇಷ್ಟೂ ಜನರಲ್ಲಿ ಒಬ್ಬರಾದರೂ ಎಲಿವೇಟರ್ ಬೂಟ್‌ಗೆ ಕೈ ಹಾಕಿ ಒದ್ದೆ ಮೆಕ್ಕೆಜೋಳ ಎಳೆದವರು ಇರಲಿಲ್ಲ. ಅವಳಿಗೆ ಒಂದು ಬಸ್ ಟಿಕೆಟ್ ಮಾಡಿಸಿ ಎರಡು ದಿನ ಶೆಡ್ಡಿಗೆ ಕರೆಸಿಕೊಳ್ಳಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ತಿಂಗಳಿಗೆ ಎಂಟು ಮುಗಿಯಬೇಕಿತ್ತಲ್ಲ.

ಗ್ರಾಫ್ ಮಾತ್ರ ಏರುತ್ತಾ ಹೋಯಿತು. ತಿಂಗಳಿಗೆ ಮುನ್ನೂರು ಜನ ಬರುತ್ತಿದ್ದ ವೆಬ್‌ಸೈಟಿಗೆ ವರ್ಷದೊಳಗೆ ಹನ್ನೊಂದು ಸಾವಿರ ಜನ ಬಂದರು. ಖುಷಿಯಿಂದ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿ, "ಇದ್ರಾಗ ಮಿಲ್ ಇರೋರು ಎಷ್ಟು ಮಂದಿ ಅದಾರೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏಜೆನ್ಸಿಯವರ ಹತ್ತಿರವೂ ಇರಲಿಲ್ಲ. ಬಂದವರನ್ನು ಎಣಿಸುವುದಕ್ಕೆ ಸಾಧನ ಇತ್ತು. ಅವರು ಯಾರು ಅಂತ ತಿಳಿಯುವುದಕ್ಕೆ ಯಾವುದೂ ಇರಲಿಲ್ಲ.

ಗಿರಾಕಿ ಬರದೇ ಇದ್ದದ್ದಕ್ಕಿಂತ ಜಾಸ್ತಿ ನನ್ನ ಮನಸ್ಸು ಕೆಡಿಸಿದ್ದು ಬೇರೆ. ಆ ಅಕ್ಟೋಬರ್‌ನಲ್ಲೇ ಜಗಳೂರಿನ ಒಬ್ಬ ಹಿರಿಯರು ಫೋನ್ ಮಾಡಿದರು. "ಸರ್ಕಾರದ ರೇಟು 2,090 ಅಂತ ನಿಮ್ಮದ್ರಾಗ ಐತಿ, ನಮ್ಮ ಹುಡುಗ ಓದಿ ಹೇಳಿದ. ದಲ್ಲಾಳಿ ಬೇರೆ ಹೇಳ್ತಾನ. ಯಾವ್ದು ಖರೇ?" ಎಂದು ಕೇಳಿದರು. ತೆಗೆದು ನೋಡಿದೆ. 2,090 ಹಿಂದಿನ ವರ್ಷದ ಬೆಂಬಲ ಬೆಲೆ. 2024ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 2,225 ಆಗಿತ್ತು. ಬರೆಸಿದ ನಾವು ತಿದ್ದಿರಲಿಲ್ಲ. ನಮ್ಮ ಕಸುಬು ಅಲ್ಲದ ವಿಷಯ ಆದ್ದರಿಂದ ತಿದ್ದಬೇಕು ಅನ್ನುವುದೂ ಯಾರಿಗೂ ನೆನಪಾಗಿರಲಿಲ್ಲ. ಒಬ್ಬ ರೈತ ನಮ್ಮ ಮಾತು ನಂಬಿ ಕ್ವಿಂಟಲ್‌ಗೆ 135 ರೂಪಾಯಿ ಕಡಿಮೆ ಲೆಕ್ಕ ಹಿಡಿದಿದ್ದರು. ಅವರ ಹತ್ತಿರ ಕ್ಷಮೆ ಕೇಳಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ರೇಟಿನ ಪುಟಗಳನ್ನೆಲ್ಲಾ ತೆಗೆದೆ. ಅಲ್ಲಿಗೆ ಬಂದವರಿಗೆ ಸರ್ಕಾರದ ಕೃಷಿ ಮಾರಾಟ ವಾಹಿನಿಯ ದಾರಿ ತೋರಿಸುವ ಎರಡು ಸಾಲು ಮಾತ್ರ ಬಿಟ್ಟೆ. ದಿನದ ಧಾರಣೆ ಅಲ್ಲಿ ಸಿಗುತ್ತದೆ. ತಿಂಗಳೊಳಗೆ ಗ್ರಾಫ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಏಜೆನ್ಸಿಯವರು ಬೇಸರ ಮಾಡಿಕೊಂಡರು.

"ಎಂದರೇನು" ಅನ್ನುವ ಇಂಗ್ಲಿಷ್ ಪುಟಗಳು ಅಷ್ಟೊತ್ತಿಗೆ ತಾವಾಗಿಯೇ ಸೊರಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಗೂಗಲ್ ನಮ್ಮ ದೇಶದಲ್ಲೂ ಎಐ ಉತ್ತರವನ್ನು ಹುಡುಕಾಟದ ತಲೆಯಲ್ಲೇ ತೋರಿಸುವುದಕ್ಕೆ ಶುರು ಮಾಡಿತು. ಹತ್ತು ಪುಟ ಓದಿ ಹನ್ನೊಂದನೆಯದನ್ನು ಬರೆಯುವ ಕೆಲಸವನ್ನು ಅದೇ ಮಾಡಿಬಿಡುತ್ತದೆ. ಕೇಳಿದವರು ಅಲ್ಲೇ ಓದಿಕೊಂಡು ಹೋಗುತ್ತಾರೆ, ನಮ್ಮ ಪುಟ ಯಾಕೆ ತೆರೆಯಬೇಕು?

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೂರು ವರ್ಷದ ಬಿಲ್ ಬುಕ್ ತೆಗೆದು, ಮೆಷಿನ್ ಕೊಂಡ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎರಡೇ ಪ್ರಶ್ನೆ. ನಮ್ಮ ಹೆಸರು ಮೊದಲು ಎಲ್ಲಿ ಕೇಳಿದಿರಿ? ಅಡ್ವಾನ್ಸ್ ಕೊಡುವ ಮೊದಲು ಏನೇನು ನೋಡಿದಿರಿ? ದೀಪಾವಳಿ ಕಳೆದ ಮೇಲೆ ಮೂರು ವಾರ ಹಿಡಿಯಿತು. ಸಾಹುಕಾರ್ರಿಗೆ ಬಿಡುವಿದ್ದಾಗಲೇ ಮಾತಾಡಬೇಕಲ್ವಾ.

ಬಹಳ ಮಂದಿ ಹೇಳಿದ್ದು ಇನ್ನೊಂದು ಮಿಲ್ಲಿನ ಹೆಸರು, ಇಲ್ಲವೇ ಫಿಟ್ಟರ್ ಹೆಸರು. ಇಬ್ಬರು ಮೋಟಾರ್ ರಿವೈಂಡಿಂಗ್ ಅಂಗಡಿಯವರ ಹೆಸರು ಹೇಳಿದರು. ಅದು ನನಗೆ ಹೊಸದು. ವೆಬ್‌ಸೈಟ್ ನೋಡಿದವರೂ ಇದ್ದರು. ಆದರೆ ಮೊದಲು ಯಾರಿಂದಲೋ ಹೆಸರು ಕೇಳಿ, ಆಮೇಲೆ ಆ ಹೆಸರನ್ನೇ ಟೈಪ್ ಮಾಡಿ ಬಂದವರು. ಅವರು ತೆರೆದದ್ದು ಬಕೆಟ್ ಅಳತೆ, ಬೆಲ್ಟ್ ಅಗಲ, ಮೋಟಾರ್ ಎಷ್ಟು ಎಚ್‌ಪಿ ಅನ್ನುವ ಹಳೇ ಪುಟ. ಅದನ್ನು ನಾನೇ ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೂತು ಹಾಕಿದ್ದೆ. ಏಜೆನ್ಸಿಯವರ ಅಷ್ಟೊಂದು ಬರಹಗಳಲ್ಲಿ ಒಂದನ್ನೂ ಅವರು ಯಾರೂ ನೆನಪಿಸಲಿಲ್ಲ.

ಸರ್ಚ್ ಕನ್ಸೋಲ್ ಬಗ್ಗೆ ಇಲ್ಲೊಂದು ಮಾತು ಹೇಳಬೇಕು, ನಮ್ಮಂಥವರು ಅದನ್ನು ನಂಬಿ ಮೋಸ ಹೋಗುತ್ತೇವೆ. ಯಾವ ಮಾತು ಹುಡುಕಿ ಜನ ಬಂದರು ಅಂತ ಗೂಗಲ್ ಅದರಲ್ಲಿ ತೋರಿಸುತ್ತದೆ. ಆದರೆ ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು, ಹುಡುಕಿದವರ ಗುಟ್ಟು ಕಾಯುವುದಕ್ಕಾಗಿ, ಬಚ್ಚಿಡುತ್ತದೆ. ಸಾವಿರ ಜನ ಕೇಳಿದ ಮೆಕ್ಕೆಜೋಳದ ರೇಟು ಪಟ್ಟಿಯ ತಲೆಯಲ್ಲೇ ಕಾಣುತ್ತದೆ. ಕಾರಟಗಿಯಲ್ಲಿ ಒಬ್ಬ, ಸಿಂಧನೂರಿನಲ್ಲಿ ಒಬ್ಬ ಕೇಳಿದ ಬೆಲ್ಟ್‌ನ ಪ್ರಶ್ನೆ ಕಾಣುವುದೇ ಇಲ್ಲ. ನಮಗೆ ಬೇಕಾದವರು ಆ ಇಬ್ಬರೇ. ಮೇಲಾಗಿ ಅದರಲ್ಲಿ ಹದಿನಾರು ತಿಂಗಳಿಗಿಂತ ಹಿಂದಿನ ಲೆಕ್ಕ ಇರುವುದಿಲ್ಲ. ಒಬ್ಬ ಸಾಹುಕಾರ್ರು ಎರಡು ಸೀಸನ್ ಯೋಚನೆ ಮಾಡಿ ಕೊಂಡರೆ, ಅವರು ಮೊದಲು ಬಂದ ದಿನದ ಲೆಕ್ಕವೇ ಅಳಿಸಿ ಹೋಗಿರುತ್ತದೆ.

ಆ ಡಿಸೆಂಬರ್‌ನಲ್ಲಿ ಕಾರಟಗಿಯ ಒಂದು ಮಿಲ್ಲಿನ ಫಿಟ್ಟರ್ ವಾಟ್ಸಾಪ್‌ನಲ್ಲಿ ಒಂದು ರೆಕಾರ್ಡಿಂಗ್ ಕಳಿಸಿದ. ಮಾತೇ ಇಲ್ಲ, ಬರೀ ಮೆಷಿನ್ ಸದ್ದು. ಗುಂಯ್ ಅನ್ನುವ ಸದ್ದಿನ ನಡುವೆ ಒಂದು "ಟಕ್". ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು "ಟಕ್". ಅಪ್ಪ ಫೋನನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತಾ ನಿಂತರು. ಮೂರು ಸಲ ಕೇಳಿ, "ಹದಿಮೂರು ಸೆಕೆಂಡು. ಅವರದು ಎತ್ತರ ಎಷ್ಟು?" ಎಂದರು. ನಲವತ್ತು ಅಡಿ. ಹಾಗಾದರೆ ಮೇಲೆ ಹೋಗಿ ಕೆಳಗೆ ಬರುವ ಬೆಲ್ಟ್ ಪೂರ್ತಿ ಎಂಬತ್ತೈದು ಅಡಿ ಹತ್ತಿರ. ಸೆಕೆಂಡಿಗೆ ಆರೂವರೆ ಅಡಿ ಓಡಿದರೆ ಒಂದು ಸುತ್ತಿಗೆ ಹದಿಮೂರು ಸೆಕೆಂಡು. "ಒಂದು ಸುತ್ತಿಗೆ ಒಂದೇ ಟಕ್. ಬೆಲ್ಟ್ ಸರಿಯಾಗೈತಿ. ಒಂದೇ ಒಂದು ಬಕೆಟ್ ಬೋಲ್ಟ್ ಸಡಿಲ ಆಗಿ ಮೆಷಿನ್ ಬಾಡಿಯ ತಗಡಿಗೆ ಬಡೀತೈತಿ. ಮಿಲ್ ಪೂರ್ತಿ ಬಿಚ್ಚೋದು ಬ್ಯಾಡ ಅನ್ನು. ಕಿಂಡಿ ತೆಗ್ದು ಕೈಯಾಗ ಬೆಲ್ಟ್ ತಿರುಗಿಸ್ಕೋತಾ ನೋಡ್ಲಿ. ಮೊದ್ಲು ಮೇನ್ ಸ್ವಿಚ್ ತೆಗೀಲಿ."

ಮುಕ್ಕಾಲು ಗಂಟೆಯಲ್ಲಿ ಫೋಟೋ ಬಂತು. ಒಂದು ಬೋಲ್ಟ್ ಹೋಗಿ, ಇನ್ನೊಂದರ ಮೇಲೆ ವಾಲಿಕೊಂಡಿದ್ದ ಬಕೆಟ್. ಅಂಚು ಸವೆದು ಬೆಳ್ಳಗೆ ಹೊಳೆಯುತ್ತಿತ್ತು.

ಅದನ್ನು ಹಾಗೇ ಕನ್ನಡದಲ್ಲಿ ಬರೆದೆ. ಸದ್ದು ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಣಿಸಿ. ಸುತ್ತಿಗೊಮ್ಮೆ ಬಂದರೆ ಒಂದು ಬಕೆಟ್. ಬಿಡದೆ ಉಜ್ಜುವ ಸದ್ದು ಬಂದರೆ ಬೆಲ್ಟ್ ಸರಿದಿರಬಹುದು, ಮೇಲಿನ ಪುಲ್ಲಿ ಮಟ್ಟ ನೋಡಿ. ಜೊತೆಗೆ ಆ ರೆಕಾರ್ಡಿಂಗ್, ಬಕೆಟ್‌ನ ಫೋಟೋ. ಏಜೆನ್ಸಿಯ ಶೀಟಿನಲ್ಲಿ ಇದರ ಮುಂದೆ ಸೊನ್ನೆಯೇ ಇರುತ್ತಿತ್ತು. ವೆಬ್‌ಸೈಟಿಗೆ ಹಾಕಿ, ನಮಗೆ ಗೊತ್ತಿದ್ದ ಮೂವತ್ತೊಂದು ಫಿಟ್ಟರ್‌ಗಳಿಗೆ ವಾಟ್ಸಾಪ್ ಮಾಡಿದೆ. ಎರಡು ತಿಂಗಳ ಮೇಲೆ ಸಿಂಧನೂರಿನಿಂದ ಗುರುತೇ ಇಲ್ಲದ ಒಬ್ಬರು ಫೋನ್ ಮಾಡಿದರು. ಅವರಿಗೆ ಅದು ಕಾರಟಗಿಯವನಿಂದ ಹೋಗಿತ್ತು. ಅವರ ತೊಂದರೆ ಬೇರೆ. ಎಲಿವೇಟರ್ ದಾಟಿದ ಮೇಲೆ ಅಕ್ಕಿಯಲ್ಲಿ ನುಚ್ಚು ಜಾಸ್ತಿ ಕಾಣುತ್ತಿತ್ತು.

ಅದಕ್ಕೂ ಒಂದು ಪುಟ ಬರೆದೆ. ಬೆಲ್ಟ್ ಜೋರಾಗಿ ಓಡಿದರೆ ಅಕ್ಕಿ ಮೇಲಿನ ತಗಡಿಗೆ ಹೊಡೆದು ಒಡೆಯುತ್ತದೆ. ತೀರಾ ನಿಧಾನ ಆದರೆ ಹೊರಹೋಗುವ ಬಾಯಿಗೆ ಮುಟ್ಟದೆ ಹಿಂದಿನ ಕಾಲಿನಲ್ಲಿ, ಅಂದರೆ ಬೆಲ್ಟ್ ಇಳಿಯುವ ಕಡೆಯ ಕೊಳವೆಯಲ್ಲಿ, ಕೆಳಗೆ ಸುರಿದು, ಮತ್ತೆ ಮೇಲೆ ಹೋಗುತ್ತದೆ. ಎರಡು ಸಲ ಪೆಟ್ಟು. ನುಚ್ಚಿಗೆ ಎರಡೂ ಕಾರಣ. ಆದ್ದರಿಂದ ಮೋಟಾರ್ ಪುಲ್ಲಿ ಬದಲಿಸುವ ಮೊದಲು ಕೆಳಗೆ ಕಿಂಡಿ ತೆಗೆದು, ಹಿಂದಿನ ಕಾಲಿನಲ್ಲಿ ಅಕ್ಕಿ ಸುರಿಯುತ್ತಿದೆಯಾ ನೋಡಬೇಕು. ಸಿಂಧನೂರಿನವರದು ಸುರಿಯುತ್ತಿತ್ತು. ಆ ಮಿಲ್ಲಿನವರು ಬೇಸಿಗೆಯಲ್ಲಿ ನಮ್ಮಿಂದ ಎರಡು ಎಲಿವೇಟರ್ ಹಾಕಿಸಿಕೊಂಡರು.

ಹುಡುಕಾಟದಿಂದ ಏನೂ ಉಪಯೋಗ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಸರು ಕೇಳಿ ಬಂದವರಿಗೆ ನಾವು ಸಿಗಲೇಬೇಕು. ಅಳತೆಯ ಪುಟ, ಸ್ಪೇರ್ ಪಾರ್ಟ್‌ನ ಪುಟ ಚೊಕ್ಕಟವಾಗಿರಬೇಕು, ಫೋನ್ ನಂಬರ್ ಸರಿಯಿರಬೇಕು. ಬಟ್ಟೆ ಅಂಗಡಿ, ಹೋಟೆಲ್ ನಡೆಸುವವರ ಲೆಕ್ಕ ಬೇರೆ, ಅವರಿಗೆ ಹಾದಿಯಲ್ಲಿ ಹೋಗುವ ಎಲ್ಲರೂ ಗಿರಾಕಿಗಳೇ. ನಮಗೆ ಹಾಗಲ್ಲ. ಎಷ್ಟು ಜನ ಹುಡುಕುತ್ತಾರೆ ಅನ್ನುವುದನ್ನೇ ನೋಡಿ ಏನು ಬರೆಯಬೇಕು ಅಂತ ತೀರ್ಮಾನ ಮಾಡಿದರೆ, ನಮ್ಮ ಗಿರಾಕಿಯ ಪ್ರಶ್ನೆ ಮೊದಲನೇ ದಿನವೇ ಪಟ್ಟಿಯಿಂದ ಹೊರಗೆ ಬೀಳುತ್ತದೆ. ನನಗಾದದ್ದು ಅದೇ. ದುಡ್ಡು ಹೋದದ್ದಕ್ಕಿಂತ, ಆ ಒಂದೂವರೆ ವರ್ಷ ನಾನು ಫಿಟ್ಟರ್‌ಗಳ ಮಾತಿಗೆ ಕಿವಿ ಕೊಡಲಿಲ್ಲ ಅನ್ನುವುದು ಜಾಸ್ತಿ ನೋವು ಕೊಡುತ್ತದೆ.

ಈಗ ಫೋನಿನ ಪಕ್ಕ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ. ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದಿಡುತ್ತೇವೆ. ತಿಂಗಳಿಗೆ ಎಂಟು ಬರಹ ಇಲ್ಲ. ಕೆಲವು ತಿಂಗಳು ಒಂದು, ಕೆಲವು ತಿಂಗಳು ಅದೂ ಇಲ್ಲ. ಈ ವಾರ ಬರೆದ ಪ್ರಶ್ನೆ ಚಳ್ಳಕೆರೆಯದು. ಶೇಂಗಾ ಸುಲಿದ ಮೇಲೆ ಬೀಜ ಎಲಿವೇಟರ್‌ನಲ್ಲಿ ಎರಡು ಹೋಳಾಗುತ್ತಿದೆಯಂತೆ. ಸದ್ದು ಕಳಿಸಿದ್ದಾರೆ, ಅದರಲ್ಲಿ ಗೊತ್ತಾಗುತ್ತಿಲ್ಲ. ಶನಿವಾರ ಬೆಳಗ್ಗೆ ನಾನು, ಅಪ್ಪ ಇಬ್ಬರೂ ಹೋಗಿ ನೋಡಿ ಬರುತ್ತೇವೆ.