ಪಾರ್ಕಿನ್ಸನ್ ನಡಿಗೆಗೆ ಆರ್‌ಟಿಎಂಎಸ್: ನನ್ನ ಅನುಭವ

ಆರ್‌ಟಿಎಂಎಸ್ ಎಂದರೆ ತಲೆಯ ಮೇಲೆ ಕಾಯಿಲ್ ಇಟ್ಟು, ಮತ್ತೆ ಮತ್ತೆ ಕೊಡುವ ಕಾಂತೀಯ ಪಲ್ಸ್‌ಗಳಿಂದ ಮೆದುಳನ್ನು ಪ್ರಚೋದಿಸುವ ಚಿಕಿತ್ಸೆ. ಮೆದುಳಿನಲ್ಲಿ ಕೈಯನ್ನು ಆಡಿಸುವ ಭಾಗದ ಮೇಲೆ ಎಂಟರ ಆಕಾರದ ಕಾಯಿಲ್ ಇಟ್ಟು 10 ಹರ್ಟ್ಜ್‌ನಲ್ಲಿ ಎರಡು ವಾರ ಪ್ರಚೋದನೆ ಕೊಟ್ಟರೆ ಬೆರಳುಗಳು ಒಂದಿಷ್ಟು ಚುರುಕಾಗುತ್ತವೆ. ಆದರೆ ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿಕೊಳ್ಳುವುದು ತಪ್ಪುವುದಿಲ್ಲ. ಆರಂಭದ ದಿನಗಳಲ್ಲಿ ನನಗೆ ಸಿಕ್ಕಿದ್ದು ಇಷ್ಟೇ. ಇದು ಖಿನ್ನತೆಗೆ ಸರಿ, ನಡಿಗೆಗೆ ವ್ಯರ್ಥ ಎಂದು ಸಹೋದ್ಯೋಗಿಗಳು ತೀರ್ಪು ಕೊಟ್ಟಾಗಿತ್ತು. ಕಾರಣ ಇಷ್ಟೇ: ಕಾಲನ್ನು ಆಡಿಸುವ ಮೋಟಾರ್ ಭಾಗವಿರುವುದು ಮೆದುಳಿನ ಎರಡು ಗೋಳಾರ್ಧಗಳ ನಡುವಿನ ಸೀಳಿನಲ್ಲಿ, ಮೂರು ನಾಲ್ಕು ಸೆಂಟಿಮೀಟರ್ ಆಳದಲ್ಲಿ. ಚಪ್ಪಟೆ ಕಾಯಿಲ್‌ನ ಕ್ಷೇತ್ರ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ.

ಇನ್ನೂ ಆಳಕ್ಕೆ ಮುಟ್ಟುವ, ಬಾಗಿದ ಡಬಲ್ ಕೋನ್ ಕಾಯಿಲ್ ಕೇಳಿದೆ. ಅದು ಅಥವಾ ನ್ಯಾವಿಗೇಶನ್ (ಕಾಯಿಲ್ ಮೆದುಳಿನ ಯಾವ ಜಾಗದ ಮೇಲಿದೆ ಎಂದು ತೋರಿಸುವ ವ್ಯವಸ್ಥೆ), ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದೆ ಎಂದರು ಆಡಳಿತದವರು. ನಾನು ಕಾಯಿಲ್ ತೆಗೆದುಕೊಂಡೆ, ಇಂದಿಗೂ ಪಶ್ಚಾತ್ತಾಪವಿಲ್ಲ. ಮೊಣಕಾಲ ಕೆಳಗಿನ ಟಿಬಿಯಾಲಿಸ್ ಸ್ನಾಯು ಎಲ್ಲಿ ಚೆನ್ನಾಗಿ ಮಿಡಿಯುತ್ತದೆಯೋ ಆ ಜಾಗವನ್ನು ಈಜು ಟೋಪಿಯ ಮೇಲೆ ಗುರುತು ಹಾಕಿದರೆ ಸಾಕು. ನಿಜವಾದ ಖರ್ಚು ಬಂದದ್ದು ಬಿಸಿಯಿಂದ. ಕಾಲಿನ ಥ್ರೆಶೋಲ್ಡ್, ಅಂದರೆ ಸ್ನಾಯು ಮಿಡಿಯಲು ಬೇಕಾದ ಕನಿಷ್ಠ ತೀವ್ರತೆ, ಹೆಚ್ಚು, ಹಾಗಾಗಿ ಸೆಷನ್ ಅರ್ಧವಾಗುವುದರೊಳಗೆ ಕಾಯಿಲ್ ಕಾದು ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು. ಕೊನೆಗೆ ತಂಪುಗೊಳಿಸುವ ವ್ಯವಸ್ಥೆಯಿರುವ ಇನ್ನೊಂದನ್ನು ಕೊಳ್ಳಬೇಕಾಯಿತು. ಕಾಯಿಲ್ ಸವೆಯುವ ವಸ್ತು, ಪಲ್ಸ್‌ಗಳ ಲೆಕ್ಕ ಇಡದವರ ಬಜೆಟ್ ಯಾವಾಗಲೂ ತಪ್ಪುತ್ತದೆ.

ಈಗ ಥ್ರೆಶೋಲ್ಡ್‌ನ ಸುಮಾರು ಶೇ. 90ರಷ್ಟು ತೀವ್ರತೆ, ಸಾವಿರದಷ್ಟು ಪಲ್ಸ್, ಟ್ರೈನ್‌ಗಳ (ಪಲ್ಸ್‌ಗಳ ಸರಣಿಗಳ) ನಡುವೆ ಧಾರಾಳ ವಿಶ್ರಾಂತಿ. ಮುಗಿದ ಕೂಡಲೇ, ಆನ್ ಸ್ಥಿತಿಯಲ್ಲಿಯೇ (ಔಷಧ ಕೆಲಸ ಮಾಡುತ್ತಿರುವಾಗಲೇ), ಟ್ರೆಡ್‌ಮಿಲ್. ಈ ಜೋಡಣೆಯೇ ಗೆದ್ದದ್ದು. ಬರೀ ಪ್ರಚೋದನೆ ಗೆಲ್ಲಲಿಲ್ಲ. ಪಾರ್ಕಿನ್ಸನ್ ಔಷಧವಾದ ಲೆವೊಡೋಪಾ ಕೊಟ್ಟ ಎಷ್ಟು ಹೊತ್ತಿಗೆ ಶುರು ಮಾಡುತ್ತೇನೆ, ಕಾಯಿಲ್ ಅನ್ನು ಎಷ್ಟು ವಾಲಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನ ನೋಟುಪುಸ್ತಕದಲ್ಲೇ ಇರಲಿ.

ಪಾರ್ಕಿನ್ಸನ್ ತೀವ್ರತೆ ಅಳೆಯುವ ಯುಪಿಡಿಆರ್‌ಎಸ್‌ನ ಮೂರನೇ ಭಾಗದಲ್ಲಿ, ಅಂದರೆ ಚಲನೆಯ ಪರೀಕ್ಷೆಯಲ್ಲಿ, ಐದಾರು ಅಂಕ ಇಳಿಯಿತು; ಇಳಿದಷ್ಟೂ ಒಳ್ಳೆಯದು. ಹೋಲಿಕೆಗೆ ಶಾಮ್, ಅಂದರೆ ನಕಲಿ, ಕಾಯಿಲ್ ಇಟ್ಟವರಿಗೂ ಎರಡು ಮೂರು ಇಳಿದಿತ್ತು. ಪಾರ್ಕಿನ್ಸನ್‌ನಲ್ಲಿ ನಂಬಿಕೆಯೇ ಡೋಪಮೈನ್ ಬಿಡುಗಡೆ ಮಾಡಿಸುತ್ತದೆ, ಆದ್ದರಿಂದ ಅಂಕ ಹಾಕುವ ಫಿಸಿಯೋಥೆರಪಿಸ್ಟ್‌ಗೆ ಯಾರಿಗೆ ಯಾವ ಕಾಯಿಲ್ ಎಂದು ಹೇಳಿರಲಿಲ್ಲ. ವ್ಯತ್ಯಾಸ ಉಳಿಯಿತು, ಒಂದು ತಿಂಗಳಷ್ಟು. ರೋಗದ ಓಟ ನಿಂತಿತು ಎಂದು ನಾನು ಎಲ್ಲಿಯೂ ಹೇಳಿಲ್ಲ.

ಕೈ ತುರಿಸಿ ಬೇರೆಯದನ್ನೂ ನೋಡಿದೆ. ಡಿಸ್ಕೈನೇಸಿಯಾಗೆ (ಲೆವೊಡೋಪಾದಿಂದ ಬರುವ ಅನೈಚ್ಛಿಕ ಚಲನೆಗಳಿಗೆ) ಎಸ್‌ಎಂಎ, ಅಂದರೆ ಚಲನೆಯನ್ನು ಯೋಜಿಸುವ ಮೆದುಳಿನ ಭಾಗದ, ಮೇಲೆ 1 ಹರ್ಟ್ಜ್: ಕೆಲವು ದಿನಗಳ ಸಮಾಧಾನ, ಆಮೇಲೆ ಯಥಾಪ್ರಕಾರ. ಅಟಾಕ್ಸಿಯಾದವರ (ಚಲನೆಯ ಹೊಂದಾಣಿಕೆ ತಪ್ಪಿದವರ) ಕಿರುಮೆದುಳಿನ ಮೇಲೆ: ನಿಲುವು ಸ್ವಲ್ಪ ಗಟ್ಟಿಯಾಯಿತು, ಕುತ್ತಿಗೆ ನೋವಿನ ದೂರು ಅದಕ್ಕಿಂತ ಜೋರಾಗಿತ್ತು. ಪಾರ್ಕಿನ್ಸನ್ ಹೋಲುವ ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ) ಕಾಯಿಲೆಯಲ್ಲಿ ಪ್ರಯೋಜನ ಏನೂ ಇಲ್ಲ.

ಡಿಬಿಎಸ್ (ಮೆದುಳಿನ ಆಳದಲ್ಲಿ ಕೂರಿಸುವ ವಿದ್ಯುತ್ ಪ್ರಚೋದಕ) ಅಳವಡಿಸಿಕೊಂಡವರನ್ನೂ ಮೂರ್ಛೆ ಬಂದಿದ್ದವರನ್ನೂ ಕುರ್ಚಿಯಲ್ಲಿ ಕೂರಿಸುವುದಿಲ್ಲ, ಯಾರ ಶಿಫಾರಸು ತಂದರೂ ಸರಿ.