ಪಿಕಪ್‌ಗೆ ಫೋರ್ ವೀಲ್ ಬೇಕೇ: ತೋಟದ ರಸ್ತೆಯ ಲೆಕ್ಕ

ಮಲೆನಾಡಿನ ಕಾಫಿ, ಅಡಿಕೆ ತೋಟಕ್ಕೆ ಪಿಕಪ್ ತೆಗೆದುಕೊಳ್ಳುವಾಗ ಫೋರ್ ವೀಲ್ (ಹಿಂದಿನ ಎರಡಕ್ಕೆ ಮಾತ್ರವಲ್ಲದೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ವ್ಯವಸ್ಥೆ) ಬೇಕೋ ಬೇಡವೋ ಎಂಬುದನ್ನು ನಾನು ಎರಡು ಅಳತೆ ಹಿಡಿದು ತೀರ್ಮಾನಿಸುತ್ತೇನೆ. ಹಿಂದಿನ ಚಕ್ರಗಳ ಮೇಲೆ ಎಷ್ಟು ತೂಕ ಬೀಳುತ್ತದೆ ಎಂಬುದು ಒಂದು. ತೋಟದ ರಸ್ತೆಯ ಅತಿ ಕೆಟ್ಟ ಹತ್ತು ಮೀಟರ್ ಎಷ್ಟು ಏರುತ್ತದೆ ಎಂಬುದು ಇನ್ನೊಂದು. ಎಂಜಿನ್‌ನ ಶಕ್ತಿ ಈ ಲೆಕ್ಕದಲ್ಲಿ ಬಹಳ ಹಿಂದೆ ಬರುತ್ತದೆ. ಕೆಸರಿನಲ್ಲಿ ಗಾಡಿ ನಿಲ್ಲುವುದು ಎಂಜಿನ್‌ಗೆ ದಮ್ಮಿಲ್ಲದೆ ಅಲ್ಲ, ಟೈರಿಗೆ ಹಿಡಿತ ಸಿಗದೆ.

ತೂಕ ತಿಳಿಯಲು ವೇಬ್ರಿಡ್ಜ್ ಸಾಕು. ಈಗಿರುವ ಗಾಡಿಯನ್ನೋ ಪಕ್ಕದ ತೋಟದವರ ಅಂಥದೇ ಗಾಡಿಯನ್ನೋ ಖಾಲಿ ಒಯ್ದು ಪೂರ್ತಿ ತೂಗಿಸಿ. ಆಮೇಲೆ ಹಿಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಸುಮಾರು 1,700 ಕೆ.ಜಿ.ಯ ಖಾಲಿ ಪಿಕಪ್‌ನಲ್ಲಿ ಹಿಂದಿನ ಚಕ್ರಗಳ ಪಾಲಿಗೆ ಬರುವುದು 700 ಕೆ.ಜಿ. ಆಸುಪಾಸು. ಮುಂದೆ ಎಂಜಿನ್, ಹಿಂದೆ ಬರಿಯ ತೊಟ್ಟಿ. ಗಾಡಿಯನ್ನು ತಳ್ಳಬೇಕಾದ ಚಕ್ರಗಳೇ ಅತಿ ಹಗುರ.

ಏರು ಅಳೆಯಲು ಗಾರೆಯವರ ಲೆವೆಲ್ ಪೈಪ್ ಬಳಸಿ. ರಸ್ತೆಯ ಮೇಲೆ ಹತ್ತು ಮೀಟರ್ ಗುರುತು ಮಾಡಿ, ಎರಡು ತುದಿಯಲ್ಲೂ ಗೂಟ ನೆಟ್ಟು, ನೀರಿನ ಮಟ್ಟದಿಂದ ನೆಲ ಎಷ್ಟು ಕೆಳಗಿದೆ ಎಂದು ನೋಡಿದರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ಕಣ್ಣಂದಾಜನ್ನು ನಂಬಬೇಡಿ. ಕಾಡಿನ ನಡುವೆ ಏರು ಎಷ್ಟಿದೆ ಎಂದು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ.

ಈಗ ಲೆಕ್ಕ. ಆಷಾಢದ ಮಳೆಯಲ್ಲಿ ತೊಯ್ದ ಕೆಂಪುಮಣ್ಣಿನ ಮೇಲೆ ಟೈರಿನ ಹಿಡಿತವನ್ನು ನಾನು ಅದರ ಮೇಲೆ ಬಿದ್ದ ತೂಕದ 0.3 ಪಾಲು ಎಂದು ಹಿಡಿಯುತ್ತೇನೆ. ಕೆಸರು ಸೀಳಿಕೊಂಡು ಹೋಗಲು ಗಾಡಿಯ ಒಟ್ಟು ತೂಕದ 0.06 ಪಾಲಿನಷ್ಟು ಬಲ ಖರ್ಚಾಗುತ್ತದೆ. ಹಾಗಾದರೆ ಹಿಂದಿನ ಚಕ್ರ ಮಾತ್ರ ಎಳೆಯುವ ಖಾಲಿ ಗಾಡಿ ಹತ್ತು ಮೀಟರ್‌ಗೆ ಸುಮಾರು 65 ಸೆಂ.ಮೀ. ಏರನ್ನಷ್ಟೇ ಹತ್ತುತ್ತದೆ. ಅದೇ ಗಾಡಿಗೆ 1,000 ಕೆ.ಜಿ. ಹೇರಿದರೆ, ಅಂದರೆ 50 ಕೆ.ಜಿ.ಯ 20 ಚೀಲ ಕಾಫಿ, ಹಿಂದಿನ ಚಕ್ರಗಳ ಮೇಲೆ 1,600 ಕೆ.ಜಿ. ಬಿದ್ದು 115 ಸೆಂ.ಮೀ. ತನಕ ಹತ್ತುತ್ತದೆ. ನಾಲ್ಕೂ ಚಕ್ರ ಎಳೆದರೆ ಖಾಲಿಯಿರಲಿ ಲೋಡಿರಲಿ 240 ಸೆಂ.ಮೀ. ಇದು ಒರಟು ಲೆಕ್ಕ, ಎಡಬಲದ ಎರಡೂ ಚಕ್ರಕ್ಕೆ ಒಂದೇ ಹಿಡಿತವಿದೆ ಎಂದು ಹಿಡಿದ ಲೆಕ್ಕ. ಆದರೂ ಎರಡು ವಿಷಯ ಇದರಲ್ಲಿ ಸ್ಪಷ್ಟ. ಟೂ ವೀಲ್ ಪಿಕಪ್ ಹೂತುಕೊಳ್ಳುವುದು ಹೆಚ್ಚಾಗಿ ಲೋಡ್ ಇಳಿಸಿ ಖಾಲಿ ವಾಪಸ್ ಬರುವಾಗ. ನಿಮ್ಮ ಕೆಟ್ಟ ಹತ್ತು ಮೀಟರ್ 60 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಏರಿನ ಸಲುವಾಗಿ ಫೋರ್ ವೀಲ್‌ಗೆ ದುಡ್ಡು ಹಾಕುವ ಅಗತ್ಯವಿಲ್ಲ.

ಹಿಂದೆ ಮರಳು ಚೀಲ ಹಾಕಿಕೊಳ್ಳುವ ಉಪಾಯ ಎಲ್ಲರಿಗೂ ಗೊತ್ತು. 200 ಕೆ.ಜಿ. ಹಾಕಿದರೆ 65 ಸೆಂ.ಮೀ. ಇದ್ದದ್ದು 80 ಆಗುತ್ತದೆ, ಅಷ್ಟೇ. ಚೀಲಗಳು ಹಿಂದಿನ ಅಚ್ಚಿನ ನೇರ ಮೇಲಿರಬೇಕು. ಬಾಗಿಲ ಬಳಿ ಒಟ್ಟಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಹಗ್ಗ ಹಾಕಿ ಬಿಗಿಯಿರಿ, ಬ್ರೇಕ್ ಹಿಡಿದಾಗ ಜಾರಿ ಕ್ಯಾಬಿನ್‌ಗೆ ಗುದ್ದಬಾರದು.

ಫೋರ್ ವೀಲ್ ಎಂದರೆ ನಾಲ್ಕೂ ಚಕ್ರ ಸದಾ ಎಳೆಯುತ್ತವೆ ಎಂದುಕೊಳ್ಳುವವರು ಬಹಳ. ಅಚ್ಚಿನ ನಡುವೆ ಇದ್ದು ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆಯೇ ಡಿಫರೆನ್ಶಿಯಲ್. ಸಾಮಾನ್ಯ ಡಿಫರೆನ್ಶಿಯಲ್ ಎಡ ಬಲ ಎರಡಕ್ಕೂ ಸಮನಾದ ತಿರುಚುಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದಕ್ಕೆ ಬೇಕಾದ ಬಲ ಸೊನ್ನೆ, ಹಾಗಾಗಿ ಇನ್ನೊಂದಕ್ಕೂ ಸೊನ್ನೆ. ಟೂ ವೀಲ್ ಗಾಡಿ ಗುಂಡಿಗೆ ಅಡ್ಡಡ್ಡ ಸಿಕ್ಕಿ ಒಂದು ಹಿಂಚಕ್ರ ತೇಲಿದರೆ ಮುಗಿಯಿತು. ಫೋರ್ ವೀಲ್‌ನಲ್ಲಿ ಮುಂದಿನದೊಂದು, ಹಿಂದಿನದೊಂದು ಕರ್ಣದಂತೆ ತೇಲಿದರೂ ಅದೇ ಗತಿ. ಎರಡೂ ಹಿಂಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಹಿಂದಿನ ಡಿಫರೆನ್ಶಿಯಲ್ ಲಾಕ್ ಇದ್ದರೆ ಅಲ್ಲಿಂದ ಎದ್ದು ಬರಬಹುದು. ನಮ್ಮಲ್ಲಿ ಮಾರುವ ಟೊಯೋಟಾ ಹೈಲಕ್ಸ್‌ಗೆ ಈ ಲಾಕ್ ಇದೆ, ಮತ್ತು ಅದು ಫೋರ್ ವೀಲ್‌ನಲ್ಲೇ ಬರುತ್ತದೆ. ಇಸುಜು ವಿ-ಕ್ರಾಸ್ ಮತ್ತು ಮಹೀಂದ್ರಾ ಬೊಲೆರೊ ಕ್ಯಾಂಪರ್ ಟೂ ವೀಲ್, ಫೋರ್ ವೀಲ್ ಎರಡರಲ್ಲೂ ಬಂದಿವೆ. ಆಯ್ಕೆಯ ತಲೆನೋವು ಇವನ್ನು ಕೊಳ್ಳುವವರಿಗೇ.

ಇಷ್ಟೆಲ್ಲ ಏರಿನ ಮಾತು. ಆದರೆ ಮಲೆನಾಡಿನಲ್ಲಿ ಫೋರ್ ವೀಲ್ ಬೇಕು ಎಂದು ನಾನು ಒತ್ತಿ ಹೇಳುವುದು ಇಳಿಜಾರಿನ ಸಲುವಾಗಿ. ಹತ್ತುವಾಗ ಹಿಡಿತ ತಪ್ಪಿದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ತಪ್ಪಿದರೆ ನಿಲ್ಲುವುದಿಲ್ಲ. ಜಾರುವ ಇಳಿಜಾರಿನಲ್ಲಿ ಟೂ ವೀಲ್ ಗಾಡಿಯನ್ನು ಒಂದನೇ ಗೇರಿನಲ್ಲಿ ಇಳಿಸಿದಾಗ ಎಂಜಿನ್ ತಡೆಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಇಳಿಜಾರಿನಲ್ಲಿ ತೂಕ ಮುಂದಕ್ಕೆ ವಾಲಿ ಹಿಂಚಕ್ರ ಇನ್ನೂ ಹಗುರಾಗಿರುತ್ತದೆ. ಅವು ಹಿಡಿತ ಬಿಟ್ಟ ಕ್ಷಣ ಗಾಡಿಯ ಬಾಲ ಪಕ್ಕಕ್ಕೆ ತಿರುಗುತ್ತದೆ. ಫೋರ್ ವೀಲ್‌ನಲ್ಲಿ ಅದೇ ತಡೆ ಭಾರವಾದ ಮುಂಚಕ್ರಗಳಿಗೂ ಹಂಚಿಹೋಗುತ್ತದೆ, ಗಾಡಿ ನೆಟ್ಟಗೆ ಇಳಿಯುತ್ತದೆ.

ಫೋರ್ ವೀಲ್ ಗಾಡಿಯಲ್ಲಿ ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ಗೇರ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲೇ. ಆಕ್ಸಲರೇಟರ್ ಮುಟ್ಟದೆ ಒಂದನೇ ಗೇರಿನಲ್ಲಿ ಬಿಟ್ಟರೆ ಪಿಕಪ್ ಗಂಟೆಗೆ 6 ಕಿ.ಮೀ. ಮೇಲೆ ಹೋಗುತ್ತದೆ. ಲೋ ಹಾಕಿದರೆ ಅದು ಸುಮಾರು ಎರಡೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಮನುಷ್ಯ ನಿಧಾನ ನಡೆಯುವುದಕ್ಕಿಂತಲೂ ಕಡಿಮೆ. ಬ್ರೇಕ್ ಮುಟ್ಟದೆ 20 ಚೀಲ ಲೋಡನ್ನು ಕಣದ ತನಕ ಇಳಿಸಬಹುದು. ಇಳಿಯುವಾಗ ಕ್ಲಚ್ ಒತ್ತಲೇಬಾರದು. ಒತ್ತಿದರೆ ಎಂಜಿನ್ ತಡೆ ಹೋಗಿ ಗಾಡಿ ಮುಂದಕ್ಕೆ ನುಗ್ಗುತ್ತದೆ, ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗುತ್ತದೆ. ಜಾರಲು ಶುರುವಾದರೆ ಆಕ್ಸಲರೇಟರ್ ತುಸು ಕೊಟ್ಟು ಚಕ್ರ ತಿರುಗುವಂತೆ ಮಾಡಿ. ತಿರುಗುವ ಚಕ್ರ ಮಾತ್ರ ಸ್ಟೇರಿಂಗ್ ಮಾತು ಕೇಳುತ್ತದೆ. ಕಡಿದಾದ ಕಡೆ ಲೋಡಿನೊಂದಿಗೆ ರಿವರ್ಸ್ ಹತ್ತಿಸುವಾಗಲೂ ಲೋ ಇದ್ದರೆ ಕ್ಲಚ್ ಅರ್ಧ ಹಿಡಿದು ಸುಡುವ ಪ್ರಮೇಯವಿಲ್ಲ. ಟೂ ವೀಲ್ ಗಾಡಿಗಳಲ್ಲಿ ಕ್ಲಚ್ ಪ್ಲೇಟ್ ಬೇಗ ಹೋಗಲು ದೊಡ್ಡ ಕಾರಣ ಇದೇ.

ಒಂದು ಎಚ್ಚರಿಕೆ ಬ್ರೇಕಿನ ಬಗ್ಗೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೆ ಒಂದು ಸಣ್ಣ ಕಂಬಿ ಕಟ್ಟಿದ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಗಾಡಿ ತಗ್ಗಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು ಅದರ ಕೆಲಸ. ಹೆಚ್ಚು ಹೇರಲೆಂದು ಸ್ಪ್ರಿಂಗ್‌ಗೆ ಒಂದೆರಡು ಪ್ಲೇಟ್ ಸೇರಿಸಿದರೆ ಲೋಡ್ ಇದ್ದರೂ ಗಾಡಿ ತಗ್ಗುವುದಿಲ್ಲ. ವಾಲ್ವ್ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಪ್ಲೇಟ್ ಸೇರಿಸಿದ ದಿನವೇ ಆ ಕಂಬಿಯನ್ನು ಹೊಂದಿಸಲು ಹೇಳಿ. ಗ್ಯಾರೇಜಿನಲ್ಲಿ ಇದನ್ನು ತಾವಾಗಿ ನೋಡುವವರು ಕಡಿಮೆ. ಫೋರ್ ವೀಲ್ ಇದ್ದರೂ ಇಲ್ಲದಿದ್ದರೂ ಡಾಂಬರು ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಈ ಬ್ರೇಕ್‌ಗಳೇ.

ಡಾಂಬರಿನಲ್ಲಿ ಫೋರ್ ವೀಲ್ ಹಾಕಬೇಡಿ, ಮಳೆ ಇದ್ದರೂ ಸರಿಯೇ. ಈ ಪಿಕಪ್‌ಗಳಲ್ಲಿ ಮುಂದಿನ, ಹಿಂದಿನ ಅಚ್ಚಿನ ನಡುವೆ ಡಿಫರೆನ್ಶಿಯಲ್ ಇಲ್ಲ, ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂಚಕ್ರ ಹೆಚ್ಚು ದೂರ ಹೋಗುತ್ತದೆ. ಚಕ್ರಗಳ ನಡುವೆ 3.1 ಮೀಟರ್ ಉದ್ದವಿರುವ ಪಿಕಪ್ ಆಗುಂಬೆ ಘಾಟಿಯಂಥ ಹೇರ್‌ಪಿನ್ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಅರ್ಧ ಸುತ್ತು ಹಾಕಿದರೆ ಈ ವ್ಯತ್ಯಾಸ ಸುಮಾರು ಎರಡೂವರೆ ಮೀಟರ್. ಕೆಸರಿನಲ್ಲಿ ಟೈರು ಜಾರಿ ಸರಿದೂಗಿಸುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸ್, ಮುಂದಿನ, ಹಿಂದಿನ ಅಚ್ಚಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಬಿಗಿಯಾಗಿ ಗಾಡಿ ಬ್ರೇಕ್ ಹಿಡಿದಂತೆ ಎಳೆಯುತ್ತದೆ. ಟೂ ಹೈಗೆ (ಹಿಂದಿನ ಚಕ್ರ ಮಾತ್ರ ಎಳೆಯುವ ಸ್ಥಿತಿಗೆ) ತಂದರೂ ಮೀಟರಿನ ಫೋರ್ ವೀಲ್ ದೀಪ ಮಿಟುಕುತ್ತಲೇ ಇದ್ದರೆ ನೇರವಾಗಿ ಮೂರು-ನಾಲ್ಕು ಮೀಟರ್ ರಿವರ್ಸ್ ಬನ್ನಿ, ಬಿಡಿಸಿಕೊಳ್ಳುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರು ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಹಿಂದೆ ಎರಡು ಹೊಸದು, ಮುಂದೆ ಎರಡು ಬೋಳು ಎಂಬ ನಮ್ಮ ಅಭ್ಯಾಸ ಫೋರ್ ವೀಲ್‌ಗೆ ಒಗ್ಗುವುದಿಲ್ಲ.

ಹಾಕುವ ಕ್ರಮ ಇಷ್ಟು. ಕೆಸರಿಗೆ ಇಳಿಯುವ ಮೊದಲೇ ಫೋರ್ ಹೈ, ಅಂದರೆ ಲೋ ಇಲ್ಲದ ಫೋರ್ ವೀಲ್, ಹಾಕಿ. ಹಿಂಚಕ್ರ ಗಿರಗಿರ ತಿರುಗುತ್ತಿರುವಾಗ ಹಾಕಿದರೆ ಗೇರಿನ ಹಲ್ಲು ಮುರಿಯಬಹುದು. ಲೋಗೆ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ, ಲೋಗೆ ತಂದು, ದೀಪ ಸ್ಥಿರವಾಗುವ ತನಕ ಕಾದು ಗೇರ್ ಹಾಕಿ. ಹೂತುಕೊಂಡರೆ ಆಕ್ಸಲರೇಟರ್ ತುಳಿಯುವುದನ್ನು ತಕ್ಷಣ ನಿಲ್ಲಿಸಿ. ಹೌಸಿಂಗ್ (ಅಚ್ಚು, ಡಿಫರೆನ್ಶಿಯಲ್ ಕೂತಿರುವ ಗೂಡು) ನೆಲ ಮುಟ್ಟಿದ ಮೇಲೆ ನಾಲ್ಕು ಚಕ್ರವೂ ಉಪಯೋಗಕ್ಕೆ ಬರುವುದಿಲ್ಲ, ಸಲಿಕೆಯೇ ಗತಿ.

ಟೈರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ರಸ್ತೆ ಟೈರಿನ ಫೋರ್ ವೀಲ್‌ಗಿಂತ ಒಳ್ಳೆ ಆಲ್ ಟೆರೇನ್ (ಮಣ್ಣಿಗೂ ಡಾಂಬರಿಗೂ ಆಗುವ) ಟೈರಿನ ಟೂ ವೀಲ್ ಬಹಳ ಕಡೆ ಮುಂದೆ ಹೋಗುತ್ತದೆ. ಗಾಡಿ ಖಾಲಿಯಿದ್ದಾಗ ಗಾಳಿಯನ್ನು 35 ಪಿಎಸ್‌ಐನಿಂದ 22-24ಕ್ಕೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಲೋಡ್ ಇದ್ದಾಗ ಇಳಿಸಬಾರದು, ಪಕ್ಕದ ಗೋಡೆ ಒಡೆಯುತ್ತದೆ. ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿಸಲು 12 ವೋಲ್ಟ್ ಪಂಪ್ ಗಾಡಿಯಲ್ಲೇ ಇರಲಿ. ಮಳೆಗಾಲದಲ್ಲಿ ನಮ್ಮ ಜೀಪಿನವರು ಹಿಂಚಕ್ರಕ್ಕೆ ಚೈನ್ ಕಟ್ಟುವ ಪದ್ಧತಿ ಪಿಕಪ್‌ಗೂ ಆಗುತ್ತದೆ. ಒಳಗಡೆ ಬ್ರೇಕ್ ಪೈಪಿಗೆ, ಸ್ಪ್ರಿಂಗಿಗೆ ತಾಗದಂತೆ ಮೊದಲು ಕೈಯಲ್ಲಿ ಚಕ್ರ ತಿರುಗಿಸಿ ನೋಡಬೇಕು, ನೂರು ಮೀಟರ್ ಹೋಗಿ ಇಳಿದು ಮತ್ತೆ ಬಿಗಿಯಬೇಕು. ಹತ್ತಲು ಚೈನ್ ಸಾಕು. ಇಳಿಯುವಾಗ ಚೈನಿಲ್ಲದ ಮುಂಚಕ್ರ ಜಾರುವುದನ್ನು ಅದು ತಪ್ಪಿಸದು.

ತೋಟದಲ್ಲಿ ಕೆಟ್ಟ ಏರು ಒಂದೇ ಇದ್ದರೆ ಇನ್ನೊಂದು ದಾರಿಯಿದೆ. 40 ಮೀಟರ್ ಉದ್ದಕ್ಕೆ ಎರಡು ಅಡಿ ಅಗಲ, ಐದು ಇಂಚು ದಪ್ಪದ ಎರಡು ಕಾಂಕ್ರೀಟ್ ಪಟ್ಟಿ ಹಾಕಲು ಬೇಕಾಗುವುದು ಸುಮಾರು 6 ಘನ ಮೀಟರ್ ಕಾಂಕ್ರೀಟ್. ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣದಲ್ಲಿ 50 ಚೀಲ ಸಿಮೆಂಟ್ ಒಳಗೆ ಮುಗಿಯುತ್ತದೆ. ಚಕ್ರದ ನಡುವಿನ ಅಂತರ ಅಳೆದು ಪಟ್ಟಿ ಹಾಕಿ, ಮೇಲ್ಮೈಗೆ ಪೊರಕೆಯಿಂದ ಅಡ್ಡ ಗೀರು ಹಾಕಿ, ಮೇಲಿನ ಬದಿಗೆ ಚರಂಡಿ ತೆಗೆಯಿರಿ. ಚರಂಡಿ ಇಲ್ಲದಿದ್ದರೆ ಎರಡನೇ ಮಳೆಗಾಲಕ್ಕೆ ಪಟ್ಟಿಯ ಅಡಿಯ ಮಣ್ಣು ಕೊಚ್ಚಿಹೋಗುತ್ತದೆ. ಟೂ ವೀಲ್‌ಗೂ ಫೋರ್ ವೀಲ್‌ಗೂ ಇರುವ ಬೆಲೆಯ ವ್ಯತ್ಯಾಸವನ್ನು ಈ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ಪಟ್ಟಿ ತೋಟಕ್ಕೆ ಬರುವ ಬಾಡಿಗೆ ಗಾಡಿಗೂ ಆಗುತ್ತದೆ.

ಧಾರವಾಡ, ಗದಗ ಕಡೆಯ ಎರೆಭೂಮಿಯವರಿಗೆ ಈ ಲೆಕ್ಕ ಹೊಂದುವುದಿಲ್ಲ. ತೊಯ್ದ ಎರೆಮಣ್ಣು ಟೈರಿನ ಕಚ್ಚುಗಳಲ್ಲಿ ತುಂಬಿ ಚಕ್ರ ಬೋಳು ಉಂಡೆಯಾಗುತ್ತದೆ, ಮಡ್‌ಗಾರ್ಡ್ ಒಳಗೂ ಗಟ್ಟಿಯಾಗಿ ಸೇರಿಕೊಳ್ಳುತ್ತದೆ. ಅಲ್ಲಿ ಫೋರ್ ವೀಲ್ ಗಾಡಿಯನ್ನು ಇನ್ನಷ್ಟು ಒಳಗೆ ಕೊಂಡೊಯ್ದು ಹೂಳುತ್ತದೆ. ಹೊಲ ಆರುವ ತನಕ ಕಾಯುವುದು, ಇಲ್ಲವೇ ಟ್ರ್ಯಾಕ್ಟರ್.

ತೆಗೆದುಕೊಂಡ ಮೇಲೆ ಆರೈಕೆ ಬೇಕು. ತಿಂಗಳಿಗೊಮ್ಮೆ ಮಣ್ಣುರಸ್ತೆಯಲ್ಲಿ ಹತ್ತು-ಹದಿನೈದು ಕಿ.ಮೀ. ಫೋರ್ ಹೈನಲ್ಲಿ ಓಡಿಸಿ, ಇಲ್ಲದಿದ್ದರೆ ಮುಂದಿನ ಡಿಫರೆನ್ಶಿಯಲ್‌ನ ಸೀಲು ಒಣಗಬಹುದು, ಬೇಕಾದ ದಿನ ಫೋರ್ ವೀಲ್ ಕೂರದೇ ಹೋಗಬಹುದು. ಟ್ರಾನ್ಸ್‌ಫರ್ ಕೇಸ್‌ಗೆ ಕೆಲವು ಗಾಡಿಯಲ್ಲಿ ಗೇರ್ ಆಯಿಲ್, ಕೆಲವದರಲ್ಲಿ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಆಯಿಲ್). ಗಾಡಿಯ ಕೈಪಿಡಿ ನೋಡದೆ ಸುರಿಯಬೇಡಿ. ಹಳ್ಳ ದಾಟುವಾಗ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿಯಾಡುವ ಸಣ್ಣ ಕಿಂಡಿ) ಮಣ್ಣು ತುಂಬಿ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ.

ಹಳೆಯ ಫೋರ್ ವೀಲ್ ಪಿಕಪ್ ನೋಡಲು ಹೋದಾಗ ಇದೇ ಜಾಗದಿಂದ ಶುರುಮಾಡಿ. ಮುಂದಿನ, ಹಿಂದಿನ ಹೌಸಿಂಗ್‌ನ ಮೇಲಿನ ಪ್ಲಗ್ ಬಿಚ್ಚಿಸಿ ಬೆರಳು ಅದ್ದಿ ನೋಡಿ. ಆಮೇಲೆ ಒಣಗಿದ ಗಟ್ಟಿ ಮಣ್ಣಿನ ಬಯಲಿನಲ್ಲಿ ಫೋರ್ ಹೈ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಬಿಗಿಯಾದಂತೆ ಅನಿಸದಿದ್ದರೆ ದೀಪ ಹತ್ತಿದ್ದರೂ ಮುಂದಿನ ಅಚ್ಚು ಕೂತಿಲ್ಲ. ಲೋ ಹಾಕಿ ಇಳಿಜಾರಿನಲ್ಲಿ ಬಿಟ್ಟು ನೋಡಿ, ಗೇರ್ ತಾನಾಗಿ ಹೊರಬಂದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಬೆರಳಿಗೆ ಹತ್ತಿದ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ, ಬೇರಿಂಗ್‌ಗಳಿಗೆ ಆಗಲೇ ತುಕ್ಕು ಹಿಡಿದಿರಬಹುದು. ಬೆಲೆ ಎಷ್ಟು ಇಳಿಸಿದರೂ ಆ ಗಾಡಿ ಬೇಡ.