ಅಲಸಂದೆ ಗಿಡ ಹಿಡಿದು ಮೊದಲ ವರ್ಷದ ಜೀವಶಾಸ್ತ್ರ ಓದುವುದು ಹೇಗೆ

ಬಿ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಕೋಶ, ಕಿಣ್ವ, ಪರಿಸರ ಎಲ್ಲವನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದೆ. ಇಂಟರ್ನಲ್‌ನಲ್ಲಿ 20ಕ್ಕೆ 7 ಬಂತು. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಜೊತೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲಿನ ಒಂದು ಅಲಸಂದೆ ಗಿಡ ಬೇರು ಸಮೇತ ಕೈಗೆ ಬಂತು. ಬೇರಿನ ತುಂಬ ಪುಟ್ಟ ಗಂಟುಗಳು. ನನ್ನ ಓದು ಶುರುವಾದದ್ದು ಅಲ್ಲಿಂದ.

ನೀವೂ ಬಿತ್ತಿ ಒಂದು ತಿಂಗಳು ದಾಟಿದ, ಇನ್ನೂ ಹೂ ಬಿಡದ ಗಿಡ ಆರಿಸಿ. ಸುಮ್ನೆ ಜಗ್ಗಿದರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ಸುತ್ತ ಅಗೆದು ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಹಾಕಿ. ದಪ್ಪ ಗಂಟೊಂದನ್ನು ಬ್ಲೇಡಿನಿಂದ ಕೊಯ್ಯಿರಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಹಸಿರೋ ಕಂದೋ ಆಗಿದ್ದರೆ ಇನ್ನೊಂದು ನೋಡಿ.

ಆ ಗುಲಾಬಿ ಬಣ್ಣವನ್ನು ಬೇಗ ಬಿಟ್ಟು ಏಳಬೇಡಿ. ಅದು ಲೆಗ್‌ಹಿಮೊಗ್ಲೋಬಿನ್, ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ನೆಂಟ. ಗಿಡಕ್ಕೆ ಅದು ಯಾಕೆ? ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಗಂಟಿನ ಕೋಶಗಳೊಳಗಿನ ಬ್ಯಾಕ್ಟೀರಿಯಾ ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಅದನ್ನು ಅಮೋನಿಯ ಮಾಡುತ್ತದೆ. ಆಮ್ಲಜನಕ ತಗುಲಿದರೆ ಆ ಕಿಣ್ವ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕವೇ ಬೇಕು! ಅದಕ್ಕೇ ಈ ಗುಲಾಬಿ ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಕೊಡುತ್ತದೆ. ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ (ಕೋಶದಲ್ಲಿ ಶಕ್ತಿ ಹೊರುವ ಅಣು) ಖರ್ಚು. ಆ ಖರ್ಚಿಗೆ ಬೇಕಾದ ಊಟ ಎಲೆಯ ಸಕ್ಕರೆಯಿಂದ. ಕೋಶ, ಕಿಣ್ವ, ಉಸಿರಾಟ, ದ್ಯುತಿಸಂಶ್ಲೇಷಣೆ ಎಲ್ಲವೂ ಒಂದೇ ಗಂಟಿನಲ್ಲಿ ಸಿಕ್ಕವು ಅಲ್ವಾ?

ಈಗ ದೊಡ್ಡ ಹಾಳೆಯಲ್ಲಿ ಗಿಡ ಬಿಡಿಸಿ ಬಾಣ ಎಳೆಯಿರಿ. ಪ್ರತಿ ಬಾಣದ ಮೇಲೆ ಏನು ಹೋಗುತ್ತಿದೆ ಎಂದು ಬರೆಯಿರಿ. ಎಲ್ಲಿ ಬರೆಯಲು ತೋಚುವುದಿಲ್ಲವೋ ಆ ಪಾಠಕ್ಕೆ ಪುಸ್ತಕ ತೆರೆಯಿರಿ. ಮೊದಲು ಕನ್ನಡದಲ್ಲಿ ಮನೆಯವರಿಗೆ ವಿವರಿಸಿ, ಇಂಗ್ಲಿಷ್ ಪದ ಆಮೇಲೆ ಸೇರಿಸಿ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಬಿಡಲೇಬೇಡಿ. ನನಗೆ ಜಾಸ್ತಿ ಸಹಾಯ ಆದದ್ದು ಇದೇ.

ಕೋಶ ವಿಭಜನೆಗೆ ಮಾತ್ರ ಲ್ಯಾಬಿನ ಈರುಳ್ಳಿ ಬೇರಿನ ತುದಿಯೇ ಸರಿ. ಅದರ 16 ಕ್ರೋಮೋಸೋಮುಗಳು ದೊಡ್ಡವು, ಸ್ಪಷ್ಟವಾಗಿ ಕಾಣುತ್ತವೆ.

ಕೊನೆಗೆ ಹಾಳೆ ಹಿಡಿದು ಹೊಲಕ್ಕೆ ಹೋಗಿ. "ರಾಗಿ ಒಂದನ್ನೇ ಹಾಕಿದ್ರೆ ಭೂಮಿ ಸೊರಗ್ತದೆ ಮಗಾ" ಎಂದರು ಅಮ್ಮ. ಕಾಯಿ ಬಿಡಿಸಿ ಮನೆಗೆ ತಂದರೆ ಸಾರಜನಕವೂ ಅದರ ಜೊತೆ ಬರುತ್ತದೆ. ಬೇರು, ಉದುರಿದ ಎಲೆ ಅಲ್ಲೇ ಕೊಳೆತರೆ, ಹೊಟ್ಟು ತಿಂದ ಹಸುವಿನ ಗೊಬ್ಬರ ತಿರುಗಿ ಹೊಲ ಸೇರಿದರೆ ಮುಂದಿನ ರಾಗಿಗೆ ಸಿಗುತ್ತದೆ. ಆ ಬಾಣಗಳನ್ನೂ ಎಳೆಯಿರಿ. ನನಗೆ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು.